ಹಂಪನಕಟ್ಟೆಯ ಮಾಳಿಗೆಯ ಅಂಗಡಿ ಮತ್ತು ನಮ್ಮ ಮನೆಯ ಐದು ವಿಡಿಯೊ ಕ್ಯಾಸೆಟ್‌ಗಳು

ಮಂಗಳೂರಿನ ಹಂಪನಕಟ್ಟೆಯಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ, ವಿಡಿಯೊ ಕ್ಯಾಸೆಟ್‌ಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಸಣ್ಣದೊಂದು ಅಂಗಡಿಯಿದೆ. ಅಂಗಡಿಗೆ ಹೆಸರಿನ ಫಲಕವಿಲ್ಲ. ಮೆಟ್ಟಿಲಿನ ಬುಡದಲ್ಲಿ ‘ಹಳೆ ಕ್ಯಾಸೆಟ್ ಪೆನ್‌ಡ್ರೈವ್‌ಗೆ ಹಾಕಿ ಕೊಡಲಾಗುವುದು’ ಎಂದು ಬಣ್ಣದಲ್ಲಿ ಬರೆದ ಹಲಗೆಯಷ್ಟೇ ಇದೆ. ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಯ ಐದು ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಅಲ್ಲಿಗೆ ಕೊಟ್ಟಿದ್ದೆ. ಎರಡರಲ್ಲಿ 1994ರಲ್ಲಿ ನಡೆದ ಅಕ್ಕನ ಮದುವೆ, ಇನ್ನೆರಡರಲ್ಲಿ ಅದಾದ ಎರಡು ವರ್ಷಕ್ಕೆ ಮನೆಯೆದುರಿನ ಗದ್ದೆಯಲ್ಲಿ ಆಡಿಸಿದ ಹರಕೆಯ ಯಕ್ಷಗಾನ ಬಯಲಾಟ, ಐದನೆಯದರಲ್ಲಿ ಅದೇ ಮದುವೆಯನ್ನು ಅಮೆರಿಕದಿಂದ ಬಂದಿದ್ದ ಚಿಕ್ಕಮ್ಮ ತಮ್ಮ ಕ್ಯಾಮೆರಾದಲ್ಲಿ ಹಿಡಿದ ದೃಶ್ಯಗಳು. ಈ ಅಂಗಡಿಯ ಕೆಲಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆನಿಸಿದೆ. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಮುಗಿಯಿತು ಎಂದು ನಾನೂ ತಿಳಿದಿದ್ದೆ. ಟೇಪಿನ ಮೇಲೆ ಇರುವುದು ಏನು ಎಂದು ಬಲ್ಲವರ ಕೈಯಲ್ಲಿ ಈ ಕೆಲಸ ಎಷ್ಟು ಬೇರೆಯಾಗುತ್ತದೆ ಎಂಬುದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ಒಂದು ವರ್ಷದ ಹಿಂದೆ ಇದೇ ಐದು ಕ್ಯಾಸೆಟ್‌ಗಳನ್ನು ಬೇರೊಂದು ಕಡೆ ಕೊಟ್ಟಿದ್ದೆವು. ಎರಡೇ ದಿನದಲ್ಲಿ ಪೆನ್‌ಡ್ರೈವ್ ಕೈಗೆ ಬಂತು. ಮದುವೆಯ ಮಂಟಪದ ಬಾಳೆಕಂಬಗಳು ನೀರಿನಲ್ಲಿ ಬಿದ್ದ ನೆರಳಿನಂತೆ ಅಲುಗಾಡುತ್ತಿದ್ದವು, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪುರೋಹಿತರ ಮಂತ್ರಕ್ಕೂ ತುಟಿಗೂ ಹೊಂದಾಣಿಕೆ ತಪ್ಪುತ್ತಿತ್ತು, ಆಟದ ದೃಶ್ಯಗಳಲ್ಲಿ ವೇಷಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿತ್ತು. ಚಿಕ್ಕಮ್ಮನ ಕ್ಯಾಸೆಟ್ಟನ್ನಂತೂ ‘ಪೂರಾ ಹಾಳಾಗಿದೆ’ ಎಂದು ಹಾಗೆಯೇ ಹಿಂದಿರುಗಿಸಿದ್ದರು. ಅದರಲ್ಲಿ ನಮ್ಮ ಅಜ್ಜಿ ಅಡುಗೆಮನೆಯಲ್ಲಿ ಕುಳಿತು ಐದಾರು ನಿಮಿಷ ಮಾತನಾಡಿದ್ದು ಇದೆಯೆಂದು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಅಜ್ಜಿಯ ಧ್ವನಿ ಬೇರೆಲ್ಲೂ ದಾಖಲಾಗಿಲ್ಲ. ಹಾಳಾಗಿದೆ ಎಂದಾಗ ಅಮ್ಮ ಏನೂ ಹೇಳದೆ ಕ್ಯಾಸೆಟ್ಟನ್ನು ಮತ್ತೆ ಕಪಾಟಿನಲ್ಲಿಟ್ಟರು.

ಹಂಪನಕಟ್ಟೆಯ ಅಂಗಡಿಯವರು ಅರವತ್ತು ದಾಟಿದವರು. ಮೊದಲು ಟಿವಿ ರಿಪೇರಿ ಮಾಡುತ್ತಿದ್ದರಂತೆ. ಕ್ಯಾಸೆಟ್‌ಗಳನ್ನು ಕೈಗೆತ್ತಿಕೊಂಡವರು ಅವುಗಳನ್ನು ಯಾವ ಯಂತ್ರಕ್ಕೂ ಹಾಕಲಿಲ್ಲ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಪಾರದರ್ಶಕ ಭಾಗದ ಮೂಲಕ ಸುರುಳಿಯ ಅಂಚನ್ನು ನೋಡಿದರು. ಆಟದ ಎರಡನೆಯ ಕ್ಯಾಸೆಟ್‌ನ ಸುರುಳಿಯ ಮೇಲೆ ಬಿಳಿಯ ಪುಡಿಯಂಥದ್ದು ಇತ್ತು. “ಇದರಲ್ಲಿ ಬೂಸ್ಟು ಉಂಟು, ಇದನ್ನು ಬೇರೆಯೇ ಇಡುವ” ಎಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಕ್ಕಕ್ಕಿಟ್ಟರು. ಬೂಸ್ಟು ಹಿಡಿದ ಟೇಪನ್ನು ಒಮ್ಮೆ ಓಡಿಸಿದರೆ ಅದು ಯಂತ್ರದಲ್ಲಿ ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು, ನಂತರ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಹರಡುತ್ತದೆ. ಆಮೇಲೆ ಮದುವೆಯ ಕ್ಯಾಸೆಟ್ ತಿರುಗಿಸುತ್ತಾ, “ಇದರ ಮಾಸ್ಟರ್ ಉಂಟಾ?” ಎಂದು ಕೇಳಿದರು. ಆ ಕಾಲದ ಮದುವೆ ವಿಡಿಯೊಗಳು ಮೂಲ ಕ್ಯಾಸೆಟ್‌ನಿಂದ ಮತ್ತೊಂದಕ್ಕೆ ನಕಲಾಗುತ್ತಾ, ನಡುವೆ ಹಾಡು, ಹೃದಯದಾಕಾರದ ಚೌಕಟ್ಟುಗಳನ್ನು ಸೇರಿಸಿಕೊಂಡು ತಯಾರಾಗುತ್ತಿದ್ದವು. ಪ್ರತಿ ನಕಲಿಗೂ ಚಿತ್ರ ಒಂದು ಪದರ ಮಸುಕಾಗುತ್ತದೆ. ನಮ್ಮಲ್ಲಿ ಮಾಸ್ಟರ್ ಇರಲಿಲ್ಲ. ಆ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿಯೂ ಇರಲಿಲ್ಲ.

ಕೊನೆಗೆ ಚಿಕ್ಕಮ್ಮನ ಕ್ಯಾಸೆಟ್. ಅದರ ಬೆನ್ನಿನ ಮೇಲಿದ್ದ ‘ಟಿ-120’ ಎಂಬ ಅಕ್ಷರಗಳನ್ನು ನೋಡಿದ ಕೂಡಲೇ, “ಇದು ಅಮೆರಿಕದ್ದಲ್ವಾ? ಇದಕ್ಕೆ ಏನೂ ಆಗ್ಲಿಲ್ಲ ಮಾರಾಯ್ರೆ, ಇದು ಎನ್‌ಟಿಎಸ್‌ಸಿ ಇರಬೇಕು” ಎಂದರು. ನಮ್ಮ ಕಡೆ ಸಿಗುತ್ತಿದ್ದವು ‘ಇ-180’ ಕ್ಯಾಸೆಟ್‌ಗಳು. ಒಳಗಿನ ಟೇಪಿನ ಉದ್ದ ಎರಡರಲ್ಲೂ ಹೆಚ್ಚುಕಡಿಮೆ 250 ಮೀಟರ್. ಆದರೆ ನಮ್ಮ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಓಡಿದರೆ ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ 33.35 ಮಿಲಿಮೀಟರ್ ಓಡುತ್ತದೆ. ಹಾಗಾಗಿ ಸುಮಾರಾಗಿ ಅಷ್ಟೇ ಉದ್ದದ ಟೇಪು ಇಲ್ಲಿ ಮೂರು ಗಂಟೆ, ಅಲ್ಲಿ ಎರಡು ಗಂಟೆ. ಪೆಟ್ಟಿಗೆಯ ಗಾತ್ರ, ಟೇಪಿನ ಅರ್ಧ ಇಂಚಿನ ಅಗಲ ಎಲ್ಲವೂ ಒಂದೇ ಆದ್ದರಿಂದ ಕ್ಯಾಸೆಟ್ ಯಾವ ವಿಸಿಆರ್‌ನೊಳಗೂ ಸಲೀಸಾಗಿ ಹೋಗುತ್ತದೆ. ಪಾಲ್ ಪದ್ಧತಿ ಮಾತ್ರ ಬಲ್ಲ ಯಂತ್ರದಲ್ಲಿ ಧ್ವನಿ ತಗ್ಗಿ ಎಳೆದಂತಾಗುತ್ತದೆ, ಚಿತ್ರ ನಿಲ್ಲುವುದೇ ಇಲ್ಲ. ಹಿಂದಿನವರು ಕಂಡದ್ದು ಅದನ್ನೇ. ಇವರು ಎಲ್ಲ ಪದ್ಧತಿಗಳನ್ನೂ ಬಲ್ಲ ತಮ್ಮ ಮಲ್ಟಿಸಿಸ್ಟಂ ವಿಸಿಆರ್‌ಗೆ ಕ್ಯಾಸೆಟ್ ಹಾಕಿ, ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರ್‌ನಲ್ಲಿ ಅರ್ಧ ನಿಮಿಷ ತೋರಿಸಿದರು. ಅಕ್ಕನಿಗೆ ಹೂ ಮುಡಿಸುತ್ತಿದ್ದ ಚಿಕ್ಕಮ್ಮನ ಕೈ ಕಂಡಿತು, ಬಣ್ಣದೊಂದಿಗೆ.

ಹೀಗೆ ಎರಡು ಪದ್ಧತಿಗಳು ಏಕೆ ಹುಟ್ಟಿದವು ಎಂದು ಕೇಳಿದ್ದಕ್ಕೆ ಅವರು ಗೋಡೆಯ ಪ್ಲಗ್ಗಿನತ್ತ ಬೆರಳು ತೋರಿಸಿದರು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಬಾರಿ, ಯುರೋಪ್ ಮತ್ತು ಭಾರತದ್ದು 50 ಬಾರಿ ಅಲೆಯುತ್ತದೆ. ಟಿವಿಯ ಆರಂಭದ ದಿನಗಳಲ್ಲಿ ಚಿತ್ರದ ವೇಗವನ್ನು ಆಯಾ ದೇಶದ ಕರೆಂಟಿನ ತಾಳಕ್ಕೆ ಹೊಂದಿಸಿಕೊಂಡರು. ಅಮೆರಿಕದಲ್ಲಿ ಚಿತ್ರವೊಂದಕ್ಕೆ 525 ಅಡ್ಡಗೆರೆ, ಸೆಕೆಂಡಿಗೆ 30 ಚಿತ್ರ. ನಮ್ಮಲ್ಲಿ 625 ಗೆರೆ, 25 ಚಿತ್ರ. ಗುಣಿಸಿ ನೋಡಿದರೆ ಸೆಕೆಂಡಿಗೆ ಬರುವ ಗೆರೆಗಳ ಸಂಖ್ಯೆ ಎರಡರಲ್ಲೂ ಹತ್ತಿರಹತ್ತಿರ ಒಂದೇ, ಹದಿನೈದೂವರೆ ಸಾವಿರದ ಆಸುಪಾಸು. 1953ರಲ್ಲಿ ಅಮೆರಿಕ ಬಣ್ಣವನ್ನು ಸೇರಿಸಿದಾಗ ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಿಕ್ಕಾಡಿ ತೆರೆಯ ಮೇಲೆ ಕಲೆ ಮೂಡಿಸಬಾರದೆಂದು ವೇಗವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗಿಸಿದರು, 29.97 ಎಂಬ ವಿಚಿತ್ರ ಅಂಕಿ ಬಂದದ್ದು ಹಾಗೆ. ಆ ಪದ್ಧತಿಯಲ್ಲಿ ಸಂಕೇತ ದಾರಿಯಲ್ಲಿ ಕೊಂಚ ಕೆಟ್ಟರೂ ಮುಖದ ಬಣ್ಣ ಹಸಿರಿಗೋ ನೇರಳೆಗೋ ತಿರುಗುತ್ತಿತ್ತು. ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯ ವಾಲ್ಟರ್ ಬ್ರೂಕ್ ಅದಕ್ಕೆ ಕಂಡುಕೊಂಡ ಪರಿಹಾರವೇ ಪಾಲ್. ಬಣ್ಣದ ಒಂದು ಅಂಶವನ್ನು ಒಂದು ಗೆರೆಯಲ್ಲಿ ನೇರವಾಗಿ, ಮುಂದಿನ ಗೆರೆಯಲ್ಲಿ ತಿರುಗುಮುರುಗಾಗಿ ಕಳುಹಿಸಿದರೆ, ದಾರಿಯಲ್ಲಿ ಸೇರಿದ ತಪ್ಪು ಒಂದರಲ್ಲಿ ಅತ್ತ, ಇನ್ನೊಂದರಲ್ಲಿ ಇತ್ತ ವಾಲುತ್ತದೆ. ಎರಡನ್ನೂ ಕೂಡಿಸಿದಾಗ ತಪ್ಪು ಕಳೆದುಹೋಗಿ ಬಣ್ಣ ಉಳಿಯುತ್ತದೆ.

ಕೂಡಿಸಬೇಕಾದರೆ ಹಿಂದಿನ ಗೆರೆಯನ್ನು ಒಂದು ಗೆರೆಯ ಕಾಲದಷ್ಟು, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 64 ಪಾಲಿನಷ್ಟು, ಎಲ್ಲಾದರೂ ಹಿಡಿದಿಟ್ಟುಕೊಳ್ಳಬೇಕಲ್ಲ? ಅವರು ಮೇಜಿನ ಖಾನೆಯಿಂದ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಪ್ಲಾಸ್ಟಿಕ್ ಕವಚವೊಂದನ್ನು ತೆಗೆದು, ಅದನ್ನು ಬಿಡಿಸಿ, ಒಳಗಿದ್ದ ಗಾಜಿನ ಬಿಲ್ಲೆಯನ್ನು ನನ್ನ ಅಂಗೈ ಮೇಲಿಟ್ಟರು. ಮೂಲೆಗಳು ಓರೆಯಾಗಿ ಕತ್ತರಿಸಿದ್ದವು, ಒಂದು ಅಂಚಿನಲ್ಲಿ ಎರಡು ಸಣ್ಣ ತಂತಿಗಳಿದ್ದವು. ಹಳೆಯ ಕಲರ್ ಟಿವಿಯೊಂದರಿಂದ ಕಳಚಿಟ್ಟದ್ದು. ಬಣ್ಣದ ಸಂಕೇತ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದದ ಅಲೆಯಾಗಿ ಈ ಗಾಜಿನೊಳಗೆ ಹೊಕ್ಕು, ಅಂಚಿನಿಂದ ಅಂಚಿಗೆ ಬಡಿದು, ಇನ್ನೊಂದು ತಂತಿಯಲ್ಲಿ ಮತ್ತೆ ವಿದ್ಯುತ್ತಾಗಿ ಹೊರಬರುವ ಹೊತ್ತಿಗೆ ಸರಿಯಾಗಿ ಒಂದು ಗೆರೆಯ ಕಾಲ ಕಳೆದಿರುತ್ತದೆ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದ ಮೇಲೆ ನಮ್ಮೂರಿನ ಮನೆಗಳಿಗೆ ಬಂದ ಅದೆಷ್ಟೋ ಟಿವಿಗಳೊಳಗೆ ಇಂಥದೊಂದು ಗಾಜಿನ ತುಂಡು ಇತ್ತು ಎಂದು ತಿಳಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

ಕರಾವಳಿಯಲ್ಲಿ ಈ ಪದ್ಧತಿಗಳ ಗೊಂದಲ ಬೇರೆ ಊರುಗಳಿಗಿಂತ ಹೆಚ್ಚು ಎಂದು ಅವರು ಹೇಳಿದ್ದು ಸರಿಯೆನಿಸಿತು. ಇಲ್ಲಿನ ಎಷ್ಟೋ ಮನೆಗಳಿಗೆ ಮೊದಲ ವಿಸಿಆರ್ ಬಂದದ್ದು ಗಲ್ಫ್‌ನಿಂದ, ಭಾವನದೋ ಮಾವನದೋ ಪೆಟ್ಟಿಗೆಯಲ್ಲಿ. ಸೌದಿಯ ಟಿವಿ ಫ್ರಾನ್ಸ್‌ನ ಸೆಕಾಮ್ ಪದ್ಧತಿಯಲ್ಲಿತ್ತು, ದುಬೈ ಕಡೆ ಪಾಲ್ ಇತ್ತು. ಆದ್ದರಿಂದ ಆ ಯಂತ್ರಗಳಲ್ಲಿ ಪಾಲ್, ಮಿಸೆಕಾಮ್ (ಸೆಕಾಮನ್ನು ಟೇಪಿಗೆ ಹಿಡಿಯುವ ಒಂದು ಬಗೆ), ಎನ್‌ಟಿಎಸ್‌ಸಿ ಎಂದು ಬದಲಾಯಿಸುವ ಸ್ವಿಚ್ಚು ಇರುತ್ತಿತ್ತು. ಅಂಥ ಮನೆಗಳ ಕ್ಯಾಸೆಟ್ ರಾಶಿಯಲ್ಲಿ ಮೂರೂ ಬಗೆ ಬೆರೆತಿರುವುದುಂಟು.

ಚಿಕ್ಕಮ್ಮನ ಕ್ಯಾಸೆಟ್‌ನಲ್ಲಿ ಇನ್ನೊಂದು ವಿಚಿತ್ರವಿತ್ತು. ಅಂಗಳದ ದೃಶ್ಯಗಳು ಸ್ವಚ್ಛವಾಗಿದ್ದರೂ ಛತ್ರದ ಒಳಗಿನವುಗಳಲ್ಲಿ ಬೆಳಕು ಒಂದೇ ಸಮನೆ ನಡುಗುತ್ತದೆ. ಟೇಪಿನ ದೋಷವೆಂದೇ ನಾನು ತಿಳಿದಿದ್ದೆ. ಅವರು ವಿವರಿಸಿದಂತೆ, ನಮ್ಮ 50ರ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ನಮ್ಮ ಪಾಲ್ ಕ್ಯಾಮೆರಾ ಸೆಕೆಂಡಿಗೆ 50 ಬಾರಿ ನೋಡುವುದರಿಂದ ಪ್ರತಿ ನೋಟಕ್ಕೂ ಸರಿಯಾಗಿ ಎರಡು ಏರಿಳಿತ ಸಿಕ್ಕಿ ಬೆಳಕು ಸ್ಥಿರವಾಗಿ ಕಾಣುತ್ತದೆ. 60 ಬಾರಿ ನೋಡುವ ಅಮೆರಿಕದ ಕ್ಯಾಮೆರಾಕ್ಕೆ ಒಂದೊಂದು ನೋಟಕ್ಕೆ ಒಂದೂವರೆಗಿಂತ ತುಸು ಹೆಚ್ಚು ಏರಿಳಿತ ಸಿಗುತ್ತದೆ. ಒಂದು ನೋಟ ಬೆಳಕಾಗಿ, ಇನ್ನೊಂದು ಮಬ್ಬಾಗಿ, ಮೂರು ನೋಟಕ್ಕೊಮ್ಮೆ ಅದೇ ಸರದಿ ಮರಳಿ, ಸೆಕೆಂಡಿಗೆ ಸುಮಾರು 20 ಬಾರಿ ಚಿತ್ರ ಮಿಣುಕುತ್ತದೆ. ಇದು ಟೇಪಿಗೆ ಬಂದದ್ದೇ ಹಾಗೆ, ಯಾವ ವಿಸಿಆರ್‌ನಿಂದಲೂ ಹೋಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರಿಂದ ನನಗೆ ಸುಳ್ಳು ನಿರೀಕ್ಷೆ ಉಳಿಯಲಿಲ್ಲ. ಅಜ್ಜಿ ಮಾತನಾಡಿದ ಅಡುಗೆಮನೆಯಲ್ಲಿ ಹಗಲಿನ ಬೆಳಕಿತ್ತು. ಆ ಐದು ನಿಮಿಷ ಹತ್ತು ನಿಮಿಷವಾಗಿಯೇ ಸಿಕ್ಕಿತು; ಅವರು ನಮ್ಮ ನೆನಪಿಗಿಂತ ಹೆಚ್ಚೇ ಮಾತನಾಡಿದ್ದರು.

ಇನ್ನು ಬಾಳೆಕಂಬಗಳ ವಿಷಯ. ಜಪಾನಿನ ಜೆವಿಸಿ ಸಂಸ್ಥೆ 1976ರಲ್ಲಿ ತಂದ ವಿಎಚ್‌ಎಸ್‌ನಲ್ಲಿ ಟೇಪು ಆಮೆಯಂತೆ ನಿಧಾನವಾಗಿ ಚಲಿಸಿದರೂ ಅದನ್ನು ಓದುವ ಹೆಡ್‌ಗಳು 62 ಮಿಲಿಮೀಟರ್ ವ್ಯಾಸದ ಡ್ರಮ್ಮಿನ ಮೇಲೆ ಕುಳಿತು, ನಮ್ಮ ಪಾಲ್‌ನಲ್ಲಿ, ನಿಮಿಷಕ್ಕೆ 1500 ಸುತ್ತು ತಿರುಗುತ್ತವೆ. ಡ್ರಮ್ಮು ವಾಲಿಕೊಂಡಿರುವುದರಿಂದ ಹೆಡ್‌ಗಳು ಟೇಪಿನ ಮೇಲೆ ಓರೆಗೆರೆಗಳನ್ನು ಎಳೆಯುತ್ತಾ ಹೋಗುತ್ತವೆ. ಕೂದಲೆಳೆಗಿಂತಲೂ ಸಪುರವಾದ, 49 ಮೈಕ್ರಾನ್ ಅಗಲದ ಅಂಥ ಒಂದೊಂದು ಓರೆಗೆರೆಯಲ್ಲಿ ಚಿತ್ರದ ಅರ್ಧ ಪಾಲು ಇರುತ್ತದೆ. ಟೇಪು ಮೂವತ್ತು ವರ್ಷದಲ್ಲಿ ಎಲ್ಲೋ ಹಿಗ್ಗಿರುತ್ತದೆ, ಎಲ್ಲೋ ಕುಗ್ಗಿರುತ್ತದೆ, ಡ್ರಮ್ಮಿನ ವೇಗ ಒಂದಿಷ್ಟು ತೂಗಾಡುತ್ತದೆ. ಹಾಗಾಗಿ ಚಿತ್ರದ ಪ್ರತಿ ಅಡ್ಡಗೆರೆಯೂ ತನ್ನ ಹೊತ್ತಿಗೆ ಸರಿಯಾಗಿ ಆರಂಭವಾಗದೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಈ ತಪ್ಪುಹೆಜ್ಜೆಗಳ ಜೊತೆಜೊತೆಗೇ ಹೆಜ್ಜೆ ಹಾಕುತ್ತಿತ್ತು. ಕಂಪ್ಯೂಟರಿಗೆ ಆ ತಾಳ್ಮೆಯಿಲ್ಲ: ಅದು ಓರೆಯನ್ನು ಓರೆಯಾಗಿಯೇ ದಾಖಲಿಸುತ್ತದೆ, ತೀರಾ ಕೆಟ್ಟಲ್ಲಿ ಇಡೀ ಚಿತ್ರವನ್ನೇ ಕೈಬಿಡುತ್ತದೆ. ಹಿಂದಿನ ನಕಲಿನಲ್ಲಿ ಮಂತ್ರ ಮತ್ತು ತುಟಿ ಬೇರೆಯಾದದ್ದು ಹಾಗೆ ಬಿಟ್ಟುಹೋದ ಚಿತ್ರಗಳಿಂದ. ಈ ಅಂಗಡಿಯಲ್ಲಿರುವ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಯಂತ್ರದೊಳಗೆ ಟೈಮ್ ಬೇಸ್ ಕರೆಕ್ಟರ್ ಎಂಬ ಭಾಗವಿದೆ. ಅದು ಗೆರೆಗಳನ್ನು ಒಂದಿಷ್ಟು ಹೊತ್ತು ಹಿಡಿದಿಟ್ಟು, ಸಾಲಾಗಿ ನಿಲ್ಲಿಸಿ, ಆಮೇಲೆ ಮುಂದಕ್ಕೆ ಬಿಡುತ್ತದೆ. ಬೆಳಕು ಮತ್ತು ಬಣ್ಣವನ್ನು ಒಂದೇ ತಂತಿಯಲ್ಲಿ ಬೆರೆಸುವ ಹಳದಿ ಪಿನ್ನಿನ ಬದಲು ಎರಡನ್ನೂ ಬೇರೆಬೇರೆಯಾಗಿ ಒಯ್ಯುವ ಎಸ್-ವಿಡಿಯೊ ತಂತಿಯನ್ನು ಬಳಸುತ್ತಾರೆ. ಈಗ ಬಾಳೆಕಂಬಗಳು ನೆಟ್ಟಗೆ ನಿಂತಿವೆ, ಕಟ್ಟಿದ ಮಾವಿನೆಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಬಯಲಾಟದ ಕ್ಯಾಸೆಟ್‌ಗಳು. ಪಾಲ್‌ನಲ್ಲಿ 25 ಚಿತ್ರ ಎನ್ನುವುದು ಲೆಕ್ಕದ ಮಾತು. ಕ್ಯಾಮೆರಾ ನಿಜವಾಗಿ ಸೆಕೆಂಡಿಗೆ 50 ಬಾರಿ ನೋಡುತ್ತದೆ. ಒಮ್ಮೆ ಬೆಸ ಗೆರೆಗಳನ್ನು, ಮರುಕ್ಷಣ ಸಮ ಗೆರೆಗಳನ್ನು. ಈ ಅರ್ಧ ಚಿತ್ರಗಳಿಗೆ ಫೀಲ್ಡ್ ಎನ್ನುತ್ತಾರೆ. ಎರಡು ಫೀಲ್ಡ್‌ಗಳ ನಡುವೆ ಸೆಕೆಂಡಿನ ಐವತ್ತನೇ ಒಂದು ಪಾಲು ಕಳೆದಿರುತ್ತದೆ, ಮತ್ತು ಯಕ್ಷಗಾನದ ತೆಂಕುತಿಟ್ಟು ಶೈಲಿಯ ವೇಷಧಾರಿ ಧಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತು ಹೊಡೆಯುವಾಗ, ಆ ಹೊತ್ತಿನಲ್ಲಿ ದೇಹ ಎಷ್ಟೋ ದೂರ ಸಾಗಿರುತ್ತದೆ. ಎರಡನ್ನೂ ಒಂದೇ ಚಿತ್ರವಾಗಿ ಹೊಲಿದರೆ ಬಾಚಣಿಗೆಯ ಹಲ್ಲು ಕಾಣಿಸುವುದು ಅದಕ್ಕೇ. ಹಲ್ಲು ಕಾಣಬಾರದೆಂದು ಕೆಲವರು ಒಂದು ಫೀಲ್ಡನ್ನು ಎಸೆದುಬಿಡುತ್ತಾರೆ. ಆಗ ಚಲನೆಯ ಅರ್ಧ ಭಾಗವೇ ಹೋಗುತ್ತದೆ. ಇವರು ಪ್ರತಿ ಫೀಲ್ಡಿನಿಂದಲೂ ಒಂದೊಂದು ಪೂರ್ಣ ಚಿತ್ರವನ್ನು ಕಟ್ಟಿ ಸೆಕೆಂಡಿಗೆ 50 ಚಿತ್ರಗಳ ಕಡತ ಮಾಡಿಕೊಟ್ಟಿದ್ದಾರೆ. ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ಗಿರ್ರನೆ ಸುತ್ತುವಾಗ ಸೊಂಟದ ಬಟ್ಟೆಯ ಅಂಚು ಗಾಳಿಗೆ ಬಿಚ್ಚಿಕೊಳ್ಳುವುದು, ಗೆಜ್ಜೆಯ ಕಾಲು ನೆಲ ಮುಟ್ಟುವ ಮುಂಚಿನ ಆ ಚೂರು ತಡೆ, ಎರಡೂ ಕಾಣುತ್ತವೆ. ಅಂದು ವೇಷ ಕಟ್ಟುವ ಚೌಕಿಯ ಬಳಿ ನಿಂತು ನೋಡಿದ ಚಲನೆಯೇ ಅದು.

ಎಲ್ಲವೂ ಮರಳಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ವಿಎಚ್‌ಎಸ್‌ನಲ್ಲಿ ಬಣ್ಣಕ್ಕೆ ಸಿಗುವ ಜಾಗ ಬಹಳ ಕಡಿಮೆ, ಪ್ರಸಾರದಲ್ಲಿ 4.43 ಮೆಗಾಹರ್ಟ್ಸ್‌ನಲ್ಲಿರುವ ಬಣ್ಣವನ್ನು ಟೇಪಿಗಾಗಿ 627 ಕಿಲೋಹರ್ಟ್ಸ್‌ಗೆ ಇಳಿಸಿ, ಬೆಳಕಿನ ಸಂಕೇತದ ಕೆಳಗೆ ತುರುಕಲಾಗುತ್ತದೆ. ಯಕ್ಷಗಾನದ ಕೆಂಪು ಅಂಚು ಮೀರಿ ಬಲಕ್ಕೆ ಚೆಲ್ಲುವುದು ಇದರಿಂದಲೇ, ಅದಕ್ಕೆ ಮದ್ದಿಲ್ಲ. ಧ್ವನಿಯೂ ಟೇಪಿನ ಅಂಚಿನ ಸಪುರ ಪಟ್ಟಿಯಲ್ಲಿ ಆಮೆಯ ವೇಗದಲ್ಲೇ ದಾಖಲಾಗಿದೆ. ಚೆಂಡೆಯ ಪೆಟ್ಟು ಗಟ್ಟಿಯಾಗಿ ಕೇಳುತ್ತದೆ, ಚಕ್ರತಾಳದ ಝೇಂಕಾರ ಮಾತ್ರ ಮೊಂಡಾಗಿದೆ.

ಕೈಗೆ ಬಂದದ್ದು ಎರಡು ಬಗೆಯ ಕಡತಗಳು. ಒಂದು, 720 ಗುಣಿಸು 576 ಗಾತ್ರದಲ್ಲಿ, ಫೀಲ್ಡ್‌ಗಳನ್ನು ಮುಟ್ಟದೆ, ಏನನ್ನೂ ಕಳೆಯದೆ ಹಿಡಿದ ಮೂಲ. ಚಿಕ್ಕಮ್ಮನದು ಅದರದೇ ವೇಗದಲ್ಲಿ, 25ಕ್ಕೆ ಬಲವಂತವಾಗಿ ಇಳಿಸದೆ ಇದೆ. ಹೀಗೆ ಹಿಡಿಯುವಾಗ ಗಂಟೆಯೊಂದಕ್ಕೆ ಸುಮಾರು 75 ಜಿಬಿ ಬರುತ್ತದೆ, ನಷ್ಟವಿಲ್ಲದ ರೀತಿಯಲ್ಲಿ ಒತ್ತಿದರೂ ಪೆನ್‌ಡ್ರೈವ್ ಸಾಲದು, ಹಾರ್ಡ್‌ಡಿಸ್ಕ್ ನಾವೇ ಒಯ್ಯಬೇಕು. ಇನ್ನೊಂದು, ಟಿವಿಯಲ್ಲೂ ಫೋನಿನಲ್ಲೂ ನೋಡಲು ಸಣ್ಣ ಕಡತ. ನನ್ನ ತಕರಾರು ಇರುವುದು ಈ ಎರಡನೆಯದರಲ್ಲಿ. ಇವರು ಮೊದಲ ಸಲ ಕೊಟ್ಟ ಮದುವೆಯ ಕಡತದಲ್ಲಿ ಟೇಪಿನ ಕಾಳುಕಾಳು ಗದ್ದಲವನ್ನು ಅಳಿಸುವ ಭರದಲ್ಲಿ ಮುಖಗಳು ಮೇಣದಂತೆ ನುಣುಪಾಗಿದ್ದವು. ಅಕ್ಕನ ಹಣೆಯ ಮೇಲಿನ ಬೆವರು ಕೂಡ ಮಾಯವಾಗಿತ್ತು. ಹೇಳಿದ ಮೇಲೆ ಮರುಮಾತಿಲ್ಲದೆ ಮತ್ತೆ ಮಾಡಿಕೊಟ್ಟರು, ಹಣ ಕೇಳಲಿಲ್ಲ. ಮೂರು ವಾರ ಎಂದದ್ದು ಆರು ವಾರವಾಯಿತು, ನಡುವೆ ನಾವಾಗಿ ಫೋನ್ ಮಾಡಿದರಷ್ಟೇ ಸುದ್ದಿ ತಿಳಿಯುತ್ತಿತ್ತು. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ; ಹಿರಿಯರನ್ನು ಕರೆದೊಯ್ಯುವುದು ಕಷ್ಟ.

ಗಂಟೆಗೆ 450 ರೂಪಾಯಿ, ಬೂಸ್ಟು ತೆಗೆಯಲು ಕ್ಯಾಸೆಟ್ಟಿಗೆ 300 ಹೆಚ್ಚು. ಹಿಂದೆ ಕೊಟ್ಟದ್ದಕ್ಕಿಂತ ಇದು ಮೂರು ಪಟ್ಟು. ಕ್ಯಾಸೆಟ್ ಎಷ್ಟು ಗಂಟೆಯದೋ ಅಷ್ಟು ಗಂಟೆ ಯಂತ್ರದ ಮುಂದೆ ಕಾಯಬೇಕಾದ ಕೆಲಸವಿದು, ವೇಗವಾಗಿ ಓಡಿಸಿ ಮುಗಿಸಲಾಗದು. ಯಂತ್ರಗಳೂ ಹೊಸದಾಗಿ ಸಿಗುವುದಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯ್ 2016ರಲ್ಲೇ ನಿಲ್ಲಿಸಿತು. ಹೆಡ್ ಸವೆದರೆ ಇನ್ನೊಂದು ಹಳೆಯ ಯಂತ್ರದಿಂದಲೇ ಕಿತ್ತು ಹಾಕಬೇಕು. ಅವರ ಅಂಗಡಿಯ ಮೂಲೆಯಲ್ಲಿ ಹಾಗೆ ಕಾದಿರುವ ಏಳೆಂಟು ಯಂತ್ರಗಳನ್ನು ನೋಡಿದ ಮೇಲೆ ಈ ದರ ನ್ಯಾಯವೆಂದೇ ನನ್ನ ಅಭಿಪ್ರಾಯ.

ಬೂಸ್ಟು ಹಿಡಿದಿದ್ದ ಆಟದ ಕ್ಯಾಸೆಟ್ಟನ್ನು ಅವರು ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ದಿನಗಟ್ಟಲೆ ಒಣಗಿಸಿ, ಬಳಿಕ ಕೈಯಿಂದ ತಿರುಗಿಸುವ ಸಾಧನದಲ್ಲಿ ಟೇಪನ್ನು ಮೆಲ್ಲನೆ ಸುತ್ತುತ್ತಾ ನೂಲು ಬಿಡದ ಬಟ್ಟೆಯಿಂದ ಒರೆಸಿದ್ದರು. ಅದು ಇ-240, ನಾಲ್ಕು ಗಂಟೆ ಹಿಡಿಸಲೆಂದು ಟೇಪನ್ನೇ ತೆಳ್ಳಗೆ ಮಾಡಿದ ಬಗೆ, ಎಳೆದರೆ ಹಿಗ್ಗುತ್ತದೆ. ಆದರೂ ಎರಡು ಕಡೆ ಕ್ಷಣಕಾಲ ಚಿತ್ರ ಹರಿದದ್ದು ಬಿಟ್ಟರೆ ಆಟ ಮಂಗಳದವರೆಗೂ ಪೂರ್ತಿಯಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಇಂಥ ಕ್ಯಾಸೆಟ್‌ಗಳನ್ನು ಅವರು ಬಿಚ್ಚುವುದೇ ಇಲ್ಲ. ನಿಮ್ಮ ಕಪಾಟಿನಲ್ಲಿ ಕ್ಯಾಸೆಟ್‌ಗಳಿದ್ದರೆ ಇಂದೇ ಬೆಳಕಿಗೆ ಹಿಡಿದು ನೋಡಿ, ಬಿಳಿಯದೇನಾದರೂ ಕಂಡರೆ ವಿಸಿಆರ್‌ಗೆ ಹಾಕದೆ, ಮೇ ತಿಂಗಳು ಮುಗಿಯುವುದರೊಳಗೆ ಒಯ್ಯಿರಿ. ಬೆನ್ನಿನ ಮೇಲೆ ‘ಟಿ’ ಎಂದಿದೆಯೋ ‘ಇ’ ಎಂದಿದೆಯೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ.